ಮುತ್ತಜ್ಜನ ಗಡಿಯಾರ ನಿಜಾಮ ಕೊಟ್ಟಿದ್ದಾ? ಬೆನ್ನು ತೆಗೆದು ಓದ್ರಿ

ಅಫಜಲಪುರ, ಆಳಂದ, ಜೇವರ್ಗಿ ಕಡೆ ಹಳೆ ಮನೆಯಲ್ಲಿ ಕೀಲಿ ಕೊಡೋ ಗಡಿಯಾರ ಇದ್ದರೆ, ಅದರ ಜೊತೆ ಒಂದು ಕಥೆನೂ ಇರ್ತದ: "ಇದು ನಿಜಾಮ ಕೊಟ್ಟಿದ್ದು." ನಮ್ಮ ಮನೆಯಲ್ಲೂ ಅದೇ ಕಥೆ. ಮುತ್ತಜ್ಜನಿಗೆ ಉಸ್ಮಾನ್ ಅಲಿ ಖಾನ್ ಸರ್ಕಾರ ಕೊಟ್ಟ ಇನಾಮು ಅಂತ ನಮ್ಮ ಕಾಕಾ ಹೇಳ್ತಾರ. ಈಗ ಮನೆ ಪಾಲಾಗ್ತಿದೆ. ಹೊಲದ ಲೆಕ್ಕ ಮುಗೀತು, ಗಡಿಯಾರದ್ದು ಮುಗೀಲಿಲ್ಲ. ಲಕ್ಷಾಂತರ ಬೆಲೆ ಬರ್ತದ ಅನ್ನೋ ನಂಬಿಕೆ ಮೇಲೆ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಾರ. ಹಂಗಾದ್ರ ಗಡಿಯಾರನ್ನೇ ಕೇಳೋಣ.

ಇಂಗ್ಲಿಷ್‌ನಲ್ಲಿ ಇದು ಮ್ಯಾಂಟೆಲ್ ಕ್ಲಾಕ್. ಚಳಿ ದೇಶದ ಮನೆಗಳಲ್ಲಿ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಇಡೋ ಗಡಿಯಾರ. ನಮ್ಮಲ್ಲಿ ಬೆಂಕಿಗೂಡು ಎಲ್ಲಿಂದ ಬರಬೇಕು? ಗೋಡೆಯ ಮಾಡದಲ್ಲಿ ಕುಂತದ.

ಮೊದಲನೇ ಮಾತು, ಮುಖ ನೋಡಿ ವಯಸ್ಸು ಹೇಳಬೇಡಿ. ರೋಮನ್ ಅಂಕಿ ಹೊಸ ಗಡಿಯಾರದಲ್ಲೂ ಇರ್ತದ. ಮುಳ್ಳು, ಗಾಜು, ಕಟ್ಟಿಗೆ ಪೆಟ್ಟಿಗೆ ನಡುವೆ ಬದಲಾಗಿರಬಹುದು. ಹಿಂದಿನ ಬಾಗಿಲು ತೆಗೀರಿ, ಲೋಲಕದ ಹಿಂದಿರೋ ಹಿತ್ತಾಳೆ ತಗಡಿನ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡೀರಿ. ಅಕ್ಷರ ಎದ್ದು ಕಾಣ್ತವ.

ನಮ್ಮದರಲ್ಲಿ ಎಂಟು ಮೂಲೆಯ ನಕ್ಷತ್ರ, ಒಳಗೆ ಜೆ ಅಕ್ಷರ ಇದೆ. ಇದು ಯುಂಗ್‌ಹಾನ್ಸ್ ಕಂಪನಿ ಗುರುತು. 1861ರಲ್ಲಿ ಜರ್ಮನಿಯ ಶ್ರಾಂಬೆರ್ಗ್ ಊರಲ್ಲಿ ಶುರುವಾದ ಕಂಪನಿ. ಎಂಟು ಮೂಲೆಯ ನಕ್ಷತ್ರ ಬಂದಿದ್ದು 1890ರಲ್ಲಿ. ಅಂದ್ರ ಅದಕ್ಕಿಂತ ಹಳೇದು ಆಗೋಕೆ ಸಾಧ್ಯ ಇಲ್ಲ. ಕೆಳಗೆ 'ಮೇಡ್ ಇನ್ ಜರ್ಮನಿ' ಅಂತ ಇದೆ. ಹೊರಗಿನ ಮಾಲಿನ ಮೇಲೆ ಇಂಥ ಗುರುತು ಹಾಕೋ ರೂಢಿಯನ್ನು ಬೆಳೆಸಿದ್ದು ಬ್ರಿಟನ್ನಿನ 1887ರ ಕಾಯ್ದೆ. ಪಕ್ಕದಲ್ಲೇ ಚಿಕ್ಕದಾಗಿ 'ಬಿ 10'. ಈ ಕಂಪನಿಯ ಲೆಕ್ಕದಲ್ಲಿ ಎ ಅಂದ್ರ ವರ್ಷದ ಮೊದಲ ಅರ್ಧ, ಬಿ ಅಂದ್ರ ಎರಡನೇ ಅರ್ಧ. ನಮ್ಮದು 1910ರ ಎರಡನೇ ಅರ್ಧದ ಮಾಲು.

ಈಗ ಕಥೆಗೆ ಬರ್ರಿ. ಉಸ್ಮಾನ್ ಅಲಿ ಖಾನ್ ಗದ್ದಿಗೆ ಏರಿದ್ದು 1911ರಲ್ಲಿ. ಹಂಗಾದ್ರ ಕಾಕಾ ಹೇಳಿದ್ದು ಸುಳ್ಳಾ? ಅವಸರ ಬೇಡ. ಗಡಿಯಾರ ತಾನು ಹುಟ್ಟಿದ ತಾರೀಖು ಹೇಳ್ತದ, ನಮ್ಮ ಮನೆಗೆ ಬಂದ ತಾರೀಖು ಹೇಳಂಗಿಲ್ಲ. ಸೊಲ್ಲಾಪುರ–ಗುಲಬರ್ಗಾ–ರಾಯಚೂರು ರೈಲು 1871ರಿಂದಲೇ ಇತ್ತು. ಮುಂಬೈ ಮಾಲು ಈ ಕಡೆ ಬರೋದು ಕಷ್ಟ ಇರಲಿಲ್ಲ. ದುಡ್ಡು ಕೊಟ್ಟು ತಂದಿರಬಹುದು, ಯಾರಾದರೂ ಕೊಟ್ಟಿರಲೂಬಹುದು.

ಮನೆಗೆ ಬಂದ ಸುಳಿವು ಬೇಕಂದ್ರ ರಿಪೇರಿಯವರ ಗೀಚು ಹುಡುಕಿ. ಗಡಿಯಾರ ಬಿಚ್ಚಿದವರು ಒಳಗೆ ಮೊಳೆಯಿಂದ ಹೆಸರು, ತಾರೀಖು ಗೀಚ್ತಿದ್ದರು. ನಮ್ಮದರಲ್ಲಿ ಉರ್ದುವಿನಲ್ಲಿ 'ಬಹಮನ್ 1340' ಅಂತ ಇದೆ. ಏಳು ನೂರು ವರ್ಷದ ಗಡಿಯಾರ ಅಂತ ಕುಣೀಬೇಡಿ! ಇದು ಫಸಲಿ ಇಸವಿ. ಹೈದರಾಬಾದ್ ಸಂಸ್ಥಾನದ ಸರ್ಕಾರಿ ವರ್ಷ. ಹಳೆ ಹೊಲದ ಕಾಗದಪತ್ರದಲ್ಲಿ ನೀವೂ ನೋಡಿರ್ತೀರಿ. ಫಸಲಿ ವರ್ಷದ ಮೊದಲ ತಿಂಗಳುಗಳಾದರೆ 590 ಕೂಡಿಸ್ರಿ, ಉಳಿದ ತಿಂಗಳುಗಳಾದರೆ 591. ಇಲ್ಲಿ 1930ರ ಕೊನೆ ಆಗ್ತದ.

ಒಂದು ಎಚ್ಚರ: ಅದೇ 1340 ಹಿಜರಿ ಆಗಿದ್ದರೆ 1921–22 ಆಗ್ತಿತ್ತು. ತಿಂಗಳ ಹೆಸರು ನೋಡಿ. ಆಜುರ್, ದೈ, ಬಹಮನ್ ಇದ್ದರೆ ಫಸಲಿ. ಮೊಹರಂ, ರಂಜಾನ್ ಇದ್ದರೆ ಹಿಜರಿ. ಅಂದ್ರ 1930ರಲ್ಲಿ ಈ ಗಡಿಯಾರ ಫಸಲಿ ಬರೆಯೋರ ಕೈಯಲ್ಲಿತ್ತು. ಭೀಮಾ ನದಿ ದಾಟಿ ಮುಂಬೈ ಪ್ರಾಂತ್ಯದ ಇಂಡಿ ಕಡೆ ಹೋದರೆ ಇಂಗ್ಲಿಷ್ ಇಸವಿ ನಡೀತಿತ್ತು. ನಿಜಾಮ ಕೊಟ್ಟಿದ್ದು ಅನ್ನೋಕೆ ಇದು ಸಾಕ್ಷಿ ಅಲ್ಲ. ಸಂಸ್ಥಾನದೊಳಗೆ ಇತ್ತು ಅನ್ನೋಕೆ ಗಟ್ಟಿ ಸುಳಿವು.

ಇನ್ನು ಬೆಲೆ. ಯುಂಗ್‌ಹಾನ್ಸ್ ಲಕ್ಷಗಟ್ಟಲೆ ಗಡಿಯಾರ ಮಾಡಿದ ಫ್ಯಾಕ್ಟರಿ. ಹಳೇದು ಅಂದ ಮಾತ್ರಕ್ಕೆ ಅಪರೂಪ ಅಲ್ಲ. ಬಿಕಾಂ ಓದಿದವನಾಗಿ ಹೇಳ್ತೀನಿ, ಮಾತು ಬಿಡುವಷ್ಟು ರೊಕ್ಕ ಇದರಲ್ಲಿಲ್ಲ. ನಮಗೆ ಮಾತ್ರ ಬೆಲೆಯಿರೋದು ಆ ಗೀಚು.

ನಿಮ್ಮ ಮನೆಯಲ್ಲಿ ಬೇರೆ ಗುರುತು ಇರಬಹುದು. ಸೈಕೋಷಾ ಅಂದ್ರ ಜಪಾನಿನದು, ಆ ಫ್ಯಾಕ್ಟರಿ 1892ರಲ್ಲಿ ಶುರುವಾಯ್ತು. ಡಿ.ಆರ್.ಜಿ.ಎಂ. ಅಂತಿದ್ದರೆ ಜರ್ಮನಿಯದು, 1891ರ ನಂತರದ್ದು. ಪ್ಲಸ್ ತಲೆಯ ಸ್ಕ್ರೂ ಕಂಡರೆ 1930ರ ದಶಕದ ನಂತರ ಯಾರೋ ಕೈ ಹಾಕ್ಯಾರ.

ಕೊನೆಗೆ ಮೂರು ಮಾತು. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹೊಳಪಿನ ಜೊತೆ ಗೀಚೂ ಹೋಗ್ತದ. ಸ್ಪ್ರಿಂಗ್ ಬಿಚ್ಚೋಕೆ ಹೋಗಬೇಡಿ, ಕೈಗೆ ಹೊಡೀತದ. ಮಾರೋದಿದ್ದರೂ, ಪಾಲು ಮಾಡೋದಿದ್ದರೂ ಮೊದಲು ಒಳಗಿನ ಎಲ್ಲಾ ಗುರುತಿನ ಫೋಟೋ ತೆಗೆದು ಮನೆ ಗ್ರೂಪಿಗೆ ಹಾಕ್ರಿ. ಗಡಿಯಾರ ಒಬ್ಬರಿಗೇ ಹೋಗ್ತದ, ಅದರ ಚರಿತ್ರೆ ಎಲ್ಲರಿಗೂ ಪಾಲಾಗಲಿ. ಸಿಗೋಣ್ರಿ.