ಊಟದ ತಟ್ಟೆಯ ಮುಂದಿನ ಭಯ: ಒಂದು ಚಿಕಿತ್ಸೆಯ ಚರಿತ್ರೆ



ಹೊನ್ನವಳ್ಳಿಯ ಸುತ್ತಮುತ್ತ, ಅಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ, ತೆಂಗಿನಕಾಯಿ ಇಲ್ಲದ ಅಡುಗೆಯನ್ನು ಊಹಿಸುವುದೇ ಕಷ್ಟ. ಸಾರಿಗೆ ಕಾಯಿ, ಚಟ್ನಿಗೆ ಕಾಯಿ. ಅಟ್ಟದ ಮೇಲೆ ಕೊಬ್ಬರಿ. ಇಂಥ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೊಬ್ಬಳು ಮೊದಲು ‘ಕಾಯಿ ಹಾಕಿದ್ದು ಬೇಡ’ ಎನ್ನುತ್ತಾಳೆ, ಆಮೇಲೆ ‘ಮುದ್ದೆ ಬೇಡ’ ಎನ್ನುತ್ತಾಳೆ, ಕೊನೆಗೆ ಊಟದ ಹೊತ್ತಿಗೆ ಎಲ್ಲರ ಕಣ್ಣು ತಪ್ಪಿಸುತ್ತಾಳೆ ಎಂದು ಭಾವಿಸಿ. ಅಜ್ಜಿ ದೃಷ್ಟಿಯಾಗಿದೆ ಎನ್ನಬಹುದು, ಅಪ್ಪ ಹಟ ಎನ್ನಬಹುದು, ನೆರೆಯವರು ಫ್ಯಾಷನ್ ಎನ್ನಬಹುದು. ಇದು ಕಾಯಿಲೆಯಾಗಿರಬಹುದೆಂದು ಯಾರಿಗೂ ಹೊಳೆಯದಿರಬಹುದು. ವೈದ್ಯಲೋಕಕ್ಕೂ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ಆ ಚರಿತ್ರೆಯನ್ನು ಈಗ ನೋಡೋಣ.

1689ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ ಕ್ಷಯರೋಗದ ಬಗ್ಗೆ ಗ್ರಂಥವೊಂದನ್ನು ಬರೆದರು. ಜ್ವರವಾಗಲಿ ಕೆಮ್ಮಾಗಲಿ ಇಲ್ಲದೆ, ಊಟ ಸೇರದೆ ಸೊರಗುತ್ತಿದ್ದ ತರುಣಿಯೊಬ್ಬಳ ವಿಷಯ ಅದರಲ್ಲಿದೆ. ಸುಮಾರು ಇನ್ನೂರು ವರ್ಷಗಳ ಮೇಲೆ, 1873ರಲ್ಲಿ, ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಸೇಗ್ ಇಂಥ ರೋಗಿಗಳನ್ನು ವಿವರವಾಗಿ ವರ್ಣಿಸಿದರು. ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ಕೊಟ್ಟವರು ಗಲ್. ಹೊಟ್ಟೆ ಬಿರಿಯುವಷ್ಟು ತಿಂದು, ಆಮೇಲೆ ಅದನ್ನು ಹೊರಹಾಕುವ ‘ಬುಲಿಮಿಯಾ ನರ್ವೋಸಾ’ಕ್ಕೆ ಹೆಸರು ಸಿಕ್ಕಿದ್ದು 1979ರಲ್ಲಿ, ಲಂಡನ್ನಿನ ಜೆರಾಲ್ಡ್ ರಸೆಲ್ ಅವರಿಂದ.

ಹೆಸರು ಸಿಕ್ಕಿತು ಸರಿ, ಚಿಕಿತ್ಸೆ ಏನು? ಆಸ್ಪತ್ರೆಯಲ್ಲಿ ಮಲಗಿಸಿ ಉಣ್ಣಿಸಿದರೆ ತೂಕವೇನೋ ಏರುತ್ತಿತ್ತು. ಮನಸ್ಸಿನ ಭಯ ಮಾತ್ರ ಉಳಿದುಬಿಡುತ್ತಿತ್ತು. ಇಲ್ಲಿ ಎರಡು ಬೇರೆ ಬೇರೆ ಕಡೆಯ ತಿಳಿವಳಿಕೆ ನೆರವಿಗೆ ಬಂತು. ಮೊದಲನೆಯದು ಹಸಿವಿನದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆ ಆಹಾರ ಕೊಟ್ಟು ಪರೀಕ್ಷಿಸಿದರು. ಅವರಿಗೆ ಹಗಲೂ ಇರುಳೂ ಊಟದ್ದೇ ಯೋಚನೆ; ಮಂಕು, ಸಿಡುಕು. ಮತ್ತೆ ಆಹಾರ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಲದಾಯಿತು. ಹಸಿವೇ ಮನಸ್ಸನ್ನು ಹೀಗೆ ಕದಡಬಲ್ಲದು ಎಂಬುದು ಇದರಿಂದ ತಿಳಿಯಿತು.

ಎರಡನೆಯದು ಯೋಚನೆಯದು. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಆರನ್ ಬೆಕ್ ಖಿನ್ನತೆಯ ರೋಗಿಗಳ ಮನಸ್ಸಿನಲ್ಲಿ ತಾವಾಗಿಯೇ ಏಳುವ ಯೋಚನೆಗಳನ್ನು ಗುರುತಿಸಿ, ಅವು ನಿಜವೇ ಎಂದು ರೋಗಿಯ ಜೊತೆ ಕೂತು ಪರೀಕ್ಷಿಸುವ ಪದ್ಧತಿ ಬೆಳೆಸಿದರು. ಅದು ಕಾಗ್ನಿಟಿವ್ ಥೆರಪಿ. ವರ್ತನೆಯನ್ನು ಹಂತಹಂತವಾಗಿ ಬದಲಿಸುವ ವಿಧಾನವೂ ಇದರೊಡನೆ ಸೇರಿ ‘ಸಿಬಿಟಿ’, ಅಂದರೆ ಅರಿವು-ವರ್ತನಾ ಚಿಕಿತ್ಸೆಯಾಯಿತು. ಇದನ್ನು ಬುಲಿಮಿಯಾಕ್ಕೆ ಅಳವಡಿಸಿ 1981ರಲ್ಲಿ ಪ್ರಕಟಿಸಿದವರು ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್.

ಫೇರ್‌ಬರ್ನ್ ಕಂಡುಕೊಂಡದ್ದು ಇಷ್ಟು. ‘ನನ್ನ ಬೆಲೆಯೆಲ್ಲ ನನ್ನ ತೂಕದಲ್ಲಿದೆ’ ಎಂಬ ನಂಬಿಕೆಯಿಂದ ಕಟ್ಟುನಿಟ್ಟಿನ ಪಥ್ಯ ಹುಟ್ಟುತ್ತದೆ. ಪಥ್ಯ ಹಸಿವನ್ನು ಹೆಚ್ಚಿಸುತ್ತದೆ. ಹಸಿವು ಒಂದು ದಿನ ಕಟ್ಟೆಯೊಡೆದು ಅತಿಯಾಗಿ ತಿನ್ನಿಸುತ್ತದೆ. ತಿಂದ ನಾಚಿಕೆ ಮತ್ತಷ್ಟು ಪಥ್ಯಕ್ಕೆ ದೂಡುತ್ತದೆ. ಆದ್ದರಿಂದ ಈ ಚಿಕಿತ್ಸೆ ‘ಬಾಯಿ ಕಟ್ಟು’ ಎಂದು ಹೇಳುವುದಿಲ್ಲ. ‘ಹೊತ್ತು ಹೊತ್ತಿಗೆ ಉಣ್ಣು’ ಎಂದು ಹೇಳುತ್ತದೆ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ. ರೋಗಿಯ ಕೈಯಲ್ಲಿ ಒಂದು ಪುಸ್ತಕ: ಏನು ತಿಂದೆ, ಎಷ್ಟು ಹೊತ್ತಿಗೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಆಗಿಂದಾಗ್ಗೆ ಬರೆಯಬೇಕು. ತೂಕ ನೋಡುವುದು ವಾರಕ್ಕೊಮ್ಮೆ ಮಾತ್ರ. ಆಮೇಲೆ, ಹೆದರಿ ದೂರವಿಟ್ಟ ಆಹಾರ ಒಂದೊಂದಾಗಿ ತಟ್ಟೆಗೆ ಮರಳುತ್ತದೆ. ನಮ್ಮ ಸೀಮೆಯ ಮಗಳಿಗಾದರೆ ಅದು ಮೊದಲು ಒಂದು ಚಮಚ ಕಾಯಿ ಚಟ್ನಿಯಾಗಿರಬಹುದು.

ವಯಸ್ಕರ ಬುಲಿಮಿಯಾಕ್ಕೆ ಸಾಮಾನ್ಯವಾಗಿ ಇಪ್ಪತ್ತು ವಾರಗಳಲ್ಲಿ ಇಪ್ಪತ್ತು ಭೇಟಿ. ತೂಕ ತೀರ ಇಳಿದಿದ್ದರೆ ನಲವತ್ತರವರೆಗೂ ಬೇಕಾಗಬಹುದು. ಬುಲಿಮಿಯಾದಲ್ಲಿ ಇದರ ಫಲ ಚೆನ್ನಾಗಿ ಸಿದ್ಧವಾಗಿದೆ. ವಯಸ್ಕರ ಅನೊರೆಕ್ಸಿಯಾದಲ್ಲಿ ಇದು ಉಪಯುಕ್ತವಾದ ಕೆಲವು ಚಿಕಿತ್ಸೆಗಳಲ್ಲಿ ಒಂದು ಮಾತ್ರ. ಪ್ರಾಣಾಪಾಯವಿದ್ದರೆ ಮೊದಲು ಆಸ್ಪತ್ರೆ. ಶಾಲೆಯ ವಯಸ್ಸಿನವರಿಗಾದರೆ ಮನೆಯವರನ್ನು ಸೇರಿಸಿಕೊಂಡ ಚಿಕಿತ್ಸೆಗೆ ಮೊದಲ ಸ್ಥಾನ.

ಇದೆಲ್ಲ ಹೊರದೇಶದ ಮಾತಾಯಿತು ಎನ್ನುವಿರಾ? ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರು 1995ರಲ್ಲಿ ಅನೊರೆಕ್ಸಿಯಾ ಮತ್ತು ಭಾರತೀಯ ಕುಟುಂಬವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ದೆಹಲಿಯ ಏಮ್ಸ್ ವೈದ್ಯರು ಐವರು ಯುವತಿಯರ ವಿಷಯ ಬರೆದರು: ಊಟ ಬಿಟ್ಟಿದ್ದರು, ವಾಂತಿಯಿತ್ತು, ಸೊರಗಿದ್ದರು, ಆದರೆ ತಮ್ಮ ದೇಹದ ಆಕಾರದ ಬಗ್ಗೆ ಪಾಶ್ಚಾತ್ಯ ಪುಸ್ತಕಗಳು ಹೇಳುವ ತಪ್ಪುಕಲ್ಪನೆ ಅವರಲ್ಲಿ ಕಾಣಲಿಲ್ಲ. ಇದನ್ನು ಗಮನಿಸಿ. ‘ದಪ್ಪಗಾಗುತ್ತೇನೆಂಬ ಭಯವೇ?’ ಎಂದಷ್ಟೇ ಕೇಳಿದರೆ ನಮ್ಮಲ್ಲಿ ರೋಗ ಕೈತಪ್ಪಬಹುದು. ‘ಹೊಟ್ಟೆ ಭಾರ’, ‘ಸೇರುವುದಿಲ್ಲ’ ಎಂಬ ಮಾತನ್ನೂ ಆಲಿಸಬೇಕು. ಚಿಕಿತ್ಸೆಯ ಚೌಕಟ್ಟು ಆಕ್ಸ್‌ಫರ್ಡಿನದಾದರೂ ಪ್ರಶ್ನೆಗಳು ಕನ್ನಡದವಾಗಬೇಕು.

ಮನೋವೈದ್ಯ ಹಳ್ಳಿಗೆ ಬರುವನೇ ಎಂಬ ಸಂದೇಹವೂ ಬೇಡ. ನಿಮ್ಹಾನ್ಸ್ ತಜ್ಞರು ತುರುವೇಕೆರೆ ತಾಲ್ಲೂಕಿನಲ್ಲೇ ಸ್ಕಿಜೋಫ್ರೀನಿಯಾ ರೋಗಿಗಳನ್ನು ಗುರುತಿಸಿ, ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟಿದ್ದಾರೆ. ಅದು ಬೇರೆ ಕಾಯಿಲೆ ನಿಜ. ದಾರಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. 2022ರಿಂದ ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮ ಗೆಳತಿಯೋ ಗೆಳೆಯನೋ ಬುತ್ತಿ ಬಿಚ್ಚದೆ ದಿನ ಕಳೆಯುತ್ತಿದ್ದರೆ, ‘ಎಷ್ಟು ಸಣ್ಣಗಾಗಿದ್ದೀಯ’ ಎಂದು ಹೊಗಳಬೇಡಿ, ‘ತಿನ್ನು’ ಎಂದು ಗದರಲೂ ಬೇಡಿ. ‘ಊಟದ ಹೊತ್ತಿಗೆ ನಿನಗೆ ಏನನ್ನಿಸುತ್ತದೆ?’ ಎಂದು ಮೆಲ್ಲಗೆ ಕೇಳಿ, ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ. ಮುನ್ನೂರು ವರ್ಷಗಳಲ್ಲಿ ವೈದ್ಯರು ಕಲಿತ ಪಾಠವೂ ಹೆಚ್ಚುಕಡಿಮೆ ಇದೇ: ಗದರಿಸುವ ಮುಂಚೆ ಕೇಳಬೇಕು.