ಚೆಸ್ ಲೈವ್ ನೋಡುವುದು ಹೇಗೆ? ಗುಕೇಶ್–ಡಿಂಗ್ 14ನೇ ಆಟದ ಮೂಲಕ ಸರಳ ವಿವರಣೆ

2024ರ ಡಿಸೆಂಬರ್ 12. ಸಿಂಗಾಪುರದಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ 14ನೇ ಆಟ. ಚೆನ್ನೈನ ಡಿ. ಗುಕೇಶ್ ಮತ್ತು ಹಾಲಿ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ತಲಾ 6.5 ಅಂಕ ಗಳಿಸಿ ಸಮಬಲದಲ್ಲಿದ್ದರು. ಈ ಆಟವೂ ಡ್ರಾ ಆಗಿದ್ದರೆ ಮರುದಿನ ಕಡಿಮೆ ಸಮಯದ ಟೈಬ್ರೇಕರ್. ಸಂಜೆಯಾದರೂ ಪರದೆ ಮೇಲಿನ ಕಂಪ್ಯೂಟರ್ ಲೆಕ್ಕ ‘ಸಮ’ ಎಂದೇ ತೋರಿಸುತ್ತಿತ್ತು. ಸುದ್ದಿಮನೆಗಳಲ್ಲಿ ‘ಡ್ರಾ’ ಎಂಬ ತಲೆಬರಹ ಹೊಂದಿಸಿಟ್ಟುಕೊಂಡಿದ್ದವರು ಕಡಿಮೆಯೇನಿರಲಿಲ್ಲ. ಆದರೆ 55ನೇ ನಡೆಯಲ್ಲಿ ಎಲ್ಲವೂ ತಿರುಗಿತು.

ಚೆಸ್ ಅಷ್ಟಾಗಿ ಗೊತ್ತಿಲ್ಲದವರು ಲೈವ್ ನೋಡಲು ಕುಳಿತಾಗ ಏನನ್ನು ಗಮನಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಟ ಸಿಗುವುದು ಕಷ್ಟ.

ನಡೆಗಳು ನಮ್ಮ ಮೊಬೈಲ್‌ಗೆ ಬರುವುದು ಹೇಗೆ?

ದೊಡ್ಡ ಟೂರ್ನಿಗಳಲ್ಲಿ ಬಳಸುವ ಬೋರ್ಡ್‌ನೊಳಗೆ ಸೆನ್ಸರ್‌ಗಳಿರುತ್ತವೆ. ಆಟಗಾರ ಕಾಯಿ ಎತ್ತಿಟ್ಟ ಕೂಡಲೇ ಆ ನಡೆ ಕಂಪ್ಯೂಟರ್‌ನಲ್ಲಿ ದಾಖಲಾಗಿ ಲಿಚೆಸ್, ಚೆಸ್ ಡಾಟ್ ಕಾಮ್‌ನಂತಹ ತಾಣಗಳಲ್ಲಿ ಕಾಣಿಸುತ್ತದೆ. ಮೋಸ ತಡೆಯಲು ಕೆಲವು ಟೂರ್ನಿಗಳು ಪ್ರಸಾರವನ್ನು ಬೇಕೆಂದೇ ತಡವಾಗಿ ಬಿಡುವುದೂ ಉಂಟು. ಯೂಟ್ಯೂಬ್‌ನಲ್ಲಿ ವೀಕ್ಷಕ ವಿವರಣೆ ಉಚಿತವಾಗಿಯೇ ಸಿಗುತ್ತದೆ. ಸಿಂಗಾಪುರದ ಆಟಗಳು ಭಾರತೀಯ ಕಾಲಮಾನ ಮಧ್ಯಾಹ್ನ 2.30ಕ್ಕೆ ಶುರುವಾಗುತ್ತಿದ್ದವು. ಅಂದರೆ ಆಫೀಸಿನಲ್ಲಿ ಇನ್ನೊಂದು ಟ್ಯಾಬ್ ತೆರೆದಿಟ್ಟುಕೊಂಡೇ ನೋಡಬೇಕಾದ ಸಮಯ!

ನಡೆಗಳ ಲೆಕ್ಕದ ಬಗ್ಗೆ ಒಂದು ಮಾತು. ಬಿಳಿ ಒಮ್ಮೆ, ಕಪ್ಪು ಒಮ್ಮೆ ಆಡಿದರೆ ಎರಡೂ ಸೇರಿ ಒಂದು ನಡೆ. ರೂಕ್ ಅಂದರೆ ನಮ್ಮ ಆನೆ, ಬಿಷಪ್ ಅಂದರೆ ಒಂಟೆ, ಪಾನ್ ಅಂದರೆ ಪದಾತಿ.

ಪಕ್ಕದ ಕಪ್ಪು-ಬಿಳುಪು ಪಟ್ಟಿ ಏನು ಹೇಳುತ್ತದೆ?

ಬೋರ್ಡ್ ಪಕ್ಕದಲ್ಲಿ ಏರಿಳಿಯುವ ಪಟ್ಟಿಯೇ ಇವ್ಯಾಲ್ಯುವೇಶನ್ ಬಾರ್. ಸ್ಟಾಕ್‌ಫಿಶ್‌ನಂತಹ ಕಂಪ್ಯೂಟರ್ ಎಂಜಿನ್ ಹಾಕಿದ ಲೆಕ್ಕ ಅದು. 0.0 ಎಂದರೆ ಸಮಬಲ. ಪ್ಲಸ್ 1 ಎಂದರೆ ಬಿಳಿಗೆ ಸುಮಾರು ಒಂದು ಪದಾತಿಯಷ್ಟು ಮೇಲುಗೈ. ಮೈನಸ್ ಬಂದರೆ ಕಪ್ಪಿಗೆ ಅನುಕೂಲ.

ಹೊಸಬರು ಎಡವುವುದು ಇಲ್ಲೇ. ಎರಡೂ ಕಡೆಯವರು ಅತ್ಯುತ್ತಮ ನಡೆಗಳನ್ನೇ ಆಡಿದರೆ ಏನಾಗುತ್ತದೆ ಎಂಬುದನ್ನಷ್ಟೇ ಈ ಪಟ್ಟಿ ಹೇಳುತ್ತದೆ. ಆ ನಡೆಗಳನ್ನು ಹುಡುಕುವುದು ಎಷ್ಟು ಕಷ್ಟ, ಯಾರು ದಣಿದಿದ್ದಾರೆ, ಯಾರ ಬಳಿ ಎಷ್ಟು ನಿಮಿಷ ಉಳಿದಿದೆ ಎಂಬುದು ಅದಕ್ಕೆ ಬೇಕಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಒಂದು ಗಂಟೆ ಪಟ್ಟಿಯನ್ನು ಮರೆಮಾಡಿ ನೋಡುವುದೇ ವಾಸಿ.

ಗಡಿಯಾರ ಮರೆಯಬೇಡಿ

ಸಿಂಗಾಪುರದಲ್ಲಿ ಮೊದಲ 40 ನಡೆಗಳಿಗೆ ಪ್ರತಿ ಆಟಗಾರನಿಗೆ 120 ನಿಮಿಷ, ನಂತರ ಉಳಿದ ಆಟಕ್ಕೆ 30 ನಿಮಿಷ. 41ನೇ ನಡೆಯಿಂದ ಪ್ರತಿ ನಡೆಗೆ 30 ಸೆಕೆಂಡ್ ಹೆಚ್ಚುವರಿ ಸಿಗುತ್ತಿತ್ತು. ಮೊದಲ 40 ನಡೆಗಳಲ್ಲಿ ಆ ಹೆಚ್ಚುವರಿ ಸೆಕೆಂಡ್‌ಗಳಿಲ್ಲ. ಅದರ ಪರಿಣಾಮ ಮೂರನೇ ಆಟದಲ್ಲೇ ಕಂಡಿತ್ತು. ಕೆಟ್ಟ ಸ್ಥಿತಿಯಲ್ಲಿ ಸಿಲುಕಿದ್ದ ಡಿಂಗ್ ಅವರ ಸಮಯ 37ನೇ ನಡೆಗೇ ಮುಗಿದು, ಗುಕೇಶ್ ಗೆದ್ದರು. ಹಾಗಾಗಿ ಆಟ ತೆರೆದ ಕೂಡಲೇ ಮೊದಲು ನೋಡಬೇಕಾದದ್ದು ಎರಡು ಗಡಿಯಾರಗಳನ್ನು, ಆಮೇಲೆ ಕಾಯಿಗಳನ್ನು.

ಕೊನೆಯ ಆಟದಲ್ಲಿ ನಡೆದದ್ದೇನು?

ಡಿಂಗ್ ಬಿಳಿ, ಗುಕೇಶ್ ಕಪ್ಪು. 29ನೇ ನಡೆಯಲ್ಲಿ ಡಿಂಗ್ ತಾವಾಗಿಯೇ ಒಂದು ಪದಾತಿಯನ್ನು ಬಿಟ್ಟುಕೊಟ್ಟು ಮಂತ್ರಿಗಳನ್ನು ಅದಲುಬದಲು ಮಾಡಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಇಬ್ಬರಿಗೂ ತಲಾ ಒಂದು ಆನೆ, ಒಂದು ಒಂಟೆ ಉಳಿದವು. ಗುಕೇಶ್ ಬಳಿ ಮೂರು ಪದಾತಿ, ಡಿಂಗ್ ಬಳಿ ಎರಡು, ಎಲ್ಲವೂ ಬೋರ್ಡ್‌ನ ಒಂದೇ ಬದಿಯಲ್ಲಿ. ಇಂತಹ ಸ್ಥಿತಿ ಸಾಮಾನ್ಯವಾಗಿ ಡ್ರಾ ಆಗುತ್ತದೆ. ಡಿಂಗ್ ನಂಬಿದ್ದೂ ಅದನ್ನೇ.

ಗುಕೇಶ್ ಮಾತ್ರ ಬಿಡಲಿಲ್ಲ. ಅವರಿಗೆ ಸೋಲುವ ಭಯ ಹೆಚ್ಚೇನಿರಲಿಲ್ಲ. ರಾಜನನ್ನು ಮುಂದೆ ತಂದರು, ಹಿಂದೆ ಕರೆದೊಯ್ದರು, ಆನೆಯನ್ನು ಅತ್ತಿತ್ತ ಆಡಿಸಿದರು. ನೋಡುವವರಿಗೆ ಬೇಸರ ಹುಟ್ಟಿಸುವಂತಿದ್ದ ಈ ಇಪ್ಪತ್ತು ಚಿಲ್ಲರೆ ನಡೆಗಳೇ ನಿಜವಾದ ಪರೀಕ್ಷೆ. ಪ್ರತಿ ಸಲವೂ ಡಿಂಗ್ ಸರಿಯಾದ ಉತ್ತರ ಹುಡುಕಲೇಬೇಕಿತ್ತು.

54ನೇ ನಡೆಯಲ್ಲಿ ಕಪ್ಪು ರಾಜ ಇ5 ಮನೆಗೆ ಬಂದು ಬಿಳಿ ಆನೆಯನ್ನು ಕೆಣಕಿದ. ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಆನೆಗಳ ಅದಲುಬದಲಿಗೆ ಆಹ್ವಾನ ಕೊಟ್ಟರು. ಕಾಯಿಗಳು ಕಡಿಮೆಯಾದಷ್ಟೂ ಡ್ರಾ ಹತ್ತಿರ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅವರ ಒಂಟೆ ಆಗ ಎ8ರ ಮೂಲೆಯಲ್ಲಿತ್ತು. ಮೂಲೆಯಿಂದ ಹೊರಬರಲು ಇರುವುದು ಒಂದೇ ಓರೆ ದಾರಿ. ಆನೆಗಳು ಹೋದ ನಂತರ ಗುಕೇಶ್ ತಮ್ಮ ಒಂಟೆಯನ್ನು ಡಿ5ರಲ್ಲಿಟ್ಟು ಆ ದಾರಿಯನ್ನೇ ಕಟ್ಟಿದರು. ಅದರ ಬೆನ್ನಿಗೆ ಕಾವಲಾಗಿ ರಾಜನಿದ್ದ. ಡಿಂಗ್‌ಗೆ ಒಂಟೆಗಳನ್ನೂ ಅದಲುಬದಲು ಮಾಡಿಕೊಳ್ಳದೆ ವಿಧಿಯಿರಲಿಲ್ಲ. ಉಳಿದದ್ದು ರಾಜರು ಮತ್ತು ಪದಾತಿಗಳು ಮಾತ್ರ: ಕಪ್ಪಿಗೆ ಎರಡು, ಬಿಳಿಗೆ ಒಂದು. ಅದು ಗುಕೇಶ್ ಗೆಲ್ಲುವ ಸ್ಥಿತಿ. 58ನೇ ನಡೆಯ ನಂತರ ಡಿಂಗ್ ಸೋಲೊಪ್ಪಿಕೊಂಡರು.

ಕುತೂಹಲದ ಸಂಗತಿ ಇಲ್ಲಿದೆ. ಆನೆ ಎಫ್2ಕ್ಕೆ ಬಂದ ಕೂಡಲೇ ನಮ್ಮ ಪರದೆಯ ಪಟ್ಟಿ ಕುಸಿದು ಕಪ್ಪಿನ ಗೆಲುವನ್ನು ಸಾರಿತು. ಆದರೆ ಆಡುತ್ತಿದ್ದವರ ಮುಂದೆ ಪಟ್ಟಿ ಇರುವುದಿಲ್ಲವಲ್ಲ! ತಮಗೂ ಅದು ತಕ್ಷಣ ಹೊಳೆಯಲಿಲ್ಲ, ತಮ್ಮ ಆನೆಯನ್ನು ಬೇರೆ ಮನೆಗೆ ಸರಿಸುವುದರಲ್ಲಿದ್ದೆ ಎಂದು ಗುಕೇಶ್ ಆಮೇಲೆ ಹೇಳಿಕೊಂಡರು. ಅಂದರೆ ಲಕ್ಷಾಂತರ ವೀಕ್ಷಕರಿಗೆ ಗೊತ್ತಾಗಿದ್ದ ಗೆಲುವು ಕೆಲವು ಕ್ಷಣ ಗೆಲ್ಲುವವನಿಗೇ ಗೊತ್ತಿರಲಿಲ್ಲ. ಲೈವ್ ನೋಡುವುದರ ರೋಚಕತೆ ಇರುವುದು ಆ ಕ್ಷಣಗಳಲ್ಲೇ. ಮರುದಿನ ಫಲಿತಾಂಶ ಓದಿದರೆ ಅದು ಸಿಗದು.

ಅಂತಿಮ ಅಂಕ 7.5–6.5. 18 ವರ್ಷದ ಗುಕೇಶ್ ಅತಿ ಕಿರಿಯ ವಿಶ್ವ ಚಾಂಪಿಯನ್ ಆದರು. 1985ರಲ್ಲಿ 22ನೇ ವಯಸ್ಸಿಗೆ ಗೆದ್ದಿದ್ದ ಗ್ಯಾರಿ ಕಾಸ್ಪರೋವ್ ದಾಖಲೆ ಮುರಿಯಿತು. ವಿಶ್ವನಾಥನ್ ಆನಂದ್ ನಂತರ ಈ ಪಟ್ಟ ಗೆದ್ದ ಎರಡನೇ ಭಾರತೀಯ ಅವರು.

ಇನ್ನೊಂದು ವಿಷಯ: ಫಲಿತಾಂಶ ಬಂದ ತಕ್ಷಣ ಲೈವ್ ಮುಚ್ಚಬೇಡಿ. ಅಂದು ಡಿಂಗ್ ಎದ್ದುಹೋದ ಮೇಲೆ ಗುಕೇಶ್ ಅಲ್ಲೇ ಕುಳಿತು ಅತ್ತರು. ಆಮೇಲೆ ಕಾಯಿಗಳನ್ನು ಒಂದೊಂದಾಗಿ ಅವುಗಳ ಮನೆಗಳಲ್ಲಿ ಜೋಡಿಸಿಟ್ಟು ಎದ್ದರು.