ಇಯಾನ್ ಸ್ಟೀಲ್: ಹೃದಯಸ್ತಂಭನ ಚಿಕಿತ್ಸೆಯನ್ನು ಒರೆಗೆ ಹಚ್ಚಿದ ವೈದ್ಯ

ಇಯಾನ್ ಸ್ಟೀಲ್ ಅವರು ಕೆನಡಾ ದೇಶದ ತುರ್ತು ಚಿಕಿತ್ಸಾ ತಜ್ಞರು. ಒಟ್ಟಾವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಹೃದಯ ನಿಂತವರನ್ನು ಬದುಕಿಸುವ ಕ್ರಮಗಳಲ್ಲಿ ನಿಜವಾಗಿ ಫಲ ನೀಡುವುದು ಯಾವುದು ಎಂಬ ಪ್ರಶ್ನೆಯೇ ಅವರ ಸಂಶೋಧನಾ ಜೀವನದ ಮುಖ್ಯ ಎಳೆ.

ಹೃದಯಸ್ತಂಭನ

ಹೃದಯಾಘಾತ ಮತ್ತು ಹೃದಯಸ್ತಂಭನ ಒಂದೇ ಅಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಹೃದಯವು ರಕ್ತವನ್ನು ಹರಿಸುವುದನ್ನೇ ನಿಲ್ಲಿಸಿ, ವ್ಯಕ್ತಿ ಪ್ರಜ್ಞೆ ತಪ್ಪಿ ಕುಸಿಯುವುದು ಹೃದಯಸ್ತಂಭನ. ಕೆಲವರಲ್ಲಿ ಹೃದಯವು ಲಯ ತಪ್ಪಿ ಅದುರುತ್ತಿರುತ್ತದೆ. ಅಂಥವರಿಗೆ ಡಿಫಿಬ್ರಿಲೇಟರ್ ಯಂತ್ರದ ವಿದ್ಯುದಾಘಾತ ನೆರವಾಗಬಲ್ಲದು.

ಔಷಧಗಳ ಪರೀಕ್ಷೆ

ಅಡ್ರಿನಲಿನ್ ಪ್ರಮಾಣವನ್ನು ಹೆಚ್ಚಿಸಿದರೆ ಹೆಚ್ಚು ಜನ ಉಳಿಯುವರೆಂಬ ನಂಬಿಕೆ ಒಂದು ಕಾಲದಲ್ಲಿತ್ತು. ಸ್ಟೀಲ್ ಮತ್ತು ಸಂಗಡಿಗರು 650 ರೋಗಿಗಳಲ್ಲಿ 1 ಮಿಲಿಗ್ರಾಂ ಹಾಗೂ 7 ಮಿಲಿಗ್ರಾಂ ಪ್ರಮಾಣಗಳನ್ನು ಹೋಲಿಸಿದರು. ಹೆಚ್ಚಿನ ಪ್ರಮಾಣದಿಂದ ಪ್ರಯೋಜನ ಕಾಣಲಿಲ್ಲವೆಂದು 1992ರಲ್ಲಿ ವರದಿ ಮಾಡಿದರು. ವಾಸೊಪ್ರೆಸಿನ್ ಔಷಧವೂ ಅಡ್ರಿನಲಿನ್‌ಗಿಂತ ಮೇಲೆಂದು ಕಂಡುಬರಲಿಲ್ಲ. ಆ ವರದಿ 2001ರದು.

ಓಪಲ್ಸ್ ಅಧ್ಯಯನ

ಒಂಟಾರಿಯೊ ಪ್ರಾಂತದ ನಗರಗಳಲ್ಲಿ ನಡೆದ ಓಪಲ್ಸ್ ಅಧ್ಯಯನ ಅವರ ಅತ್ಯಂತ ಪ್ರಸಿದ್ಧ ಕಾರ್ಯ. ಡಿಫಿಬ್ರಿಲೇಟರ್ ಬೇಗ ತಲುಪುವಂತೆ ವ್ಯವಸ್ಥೆ ಮಾಡಿದಾಗ, ಆಸ್ಪತ್ರೆಯಿಂದ ಜೀವಂತ ಮರಳಿದವರ ಪ್ರಮಾಣ ಶೇ. 3.9ರಿಂದ 5.2ಕ್ಕೆ ಏರಿತೆಂದು 1999ರಲ್ಲಿ ಪ್ರಕಟವಾಯಿತು. ಮುಂದಿನ ಹಂತದಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಶ್ವಾಸನಾಳಕ್ಕೆ ಕೊಳವೆ ಇಳಿಸುವ, ರಕ್ತನಾಳದ ಮೂಲಕ ಔಷಧ ನೀಡುವ ತರಬೇತಿಯನ್ನು ಕೊಡಲಾಯಿತು. 17 ನಗರಗಳ 5,638 ರೋಗಿಗಳ ಫಲಿತಾಂಶ 2004ರಲ್ಲಿ ಹೊರಬಂದಿತು. ಬದುಕುಳಿದವರು ಮೊದಲು ಶೇ. 5.0, ಅನಂತರ ಶೇ. 5.1. ದುಬಾರಿಯಾದ ಆ ಸುಧಾರಣೆಯಿಂದ ಉಳಿವಿನ ಪ್ರಮಾಣ ಗಣನೀಯವಾಗಿ ಹೆಚ್ಚಲಿಲ್ಲ.

ಹಾಗಾದರೆ ಉಳಿದವರನ್ನು ಉಳಿಸಿದ್ದು ಯಾವುದು? ಸಂಶೋಧಕರು ಪ್ರತಿ ಅಂಶಕ್ಕೂ ಸಂಭವಾನುಪಾತವನ್ನು ಲೆಕ್ಕಹಾಕಿದರು. ಇದರಲ್ಲಿ 1 ಎಂದರೆ ಯಾವ ವ್ಯತ್ಯಾಸವೂ ಇಲ್ಲವೆಂದರ್ಥ. ಕುಸಿದದ್ದನ್ನು ಯಾರಾದರೂ ಕಂಡಿದ್ದರೆ 4.4, ಅಲ್ಲಿದ್ದವರು ಕೂಡಲೇ ಎದೆ ಒತ್ತುವ ಸಿಪಿಆರ್ ಮಾಡಿದ್ದರೆ 3.7, 8 ನಿಮಿಷದೊಳಗೆ ಡಿಫಿಬ್ರಿಲೇಟರ್ ಬಳಕೆಯಾಗಿದ್ದರೆ 3.4, ಉನ್ನತ ಚಿಕಿತ್ಸೆಗೆ ಕೇವಲ 1.1.

ಇತರ ಕಾರ್ಯಗಳು

ವಿದ್ಯುದಾಘಾತಕ್ಕೆ ಮುನ್ನ ಎದೆ ಒತ್ತುವ ಅವಧಿಯನ್ನು ದೀರ್ಘಗೊಳಿಸಿದರೆ ಲಾಭವಿದೆಯೇ ಎಂಬುದನ್ನು 9,933 ರೋಗಿಗಳಲ್ಲಿ ಪರಿಶೀಲಿಸಿದ 2011ರ ವರದಿಯಲ್ಲಿಯೂ ಎರಡೂ ಗುಂಪುಗಳಿಗೆ ಸಮಾನ ಫಲವೇ, ಶೇ. 5.9, ದೊರೆಯಿತು. ಕಾಲಿನ ಹರಡಿಗೆ ಪೆಟ್ಟಾದಾಗ ಎಕ್ಸ್‌ರೇ ಅಗತ್ಯವೇ ಎಂದು ನಿರ್ಣಯಿಸುವ 'ಒಟ್ಟಾವಾ ನಿಯಮ'ಗಳನ್ನು ರೂಪಿಸಿದವರೂ ಸ್ಟೀಲ್ ಅವರೇ.

ಮನೆಯವರಿಗೆ

ಆಂಬುಲೆನ್ಸ್ ಬರುವ ಮೊದಲಿನ ನಿಮಿಷಗಳು ಬಳಿಯಲ್ಲಿರುವವರ ಕೈಯಲ್ಲಿವೆ ಎಂಬುದೇ ಈ ಅಧ್ಯಯನಗಳ ತಾತ್ಪರ್ಯ. ಕುಸಿದ ವಯಸ್ಕರು ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ 108ಕ್ಕೆ ಕರೆಮಾಡಿ, ಎದೆಯ ನಡುವೆ ಎರಡೂ ಕೈಗಳಿಂದ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ, ನೆರವು ಬರುವವರೆಗೂ ಒತ್ತುತ್ತಿರಬೇಕು.